ಹಳೆಯ ಕಚ್ಚಿಗೆ ಹೊಸ ಬ್ಲೇಡು

ಹೇಳಿಬಿಡಲೇ? ಹೇಳಿದರೆ ಏನಾದೀತು? ಹೇಳದಿದ್ದರೆ ಇಷ್ಟು ದಿನ ಹೇಗಿತ್ತೋ ಹಾಗೇ ಇರುತ್ತದೆ, ಅಷ್ಟೇ ತಾನೆ?

ಆ ಸೋಮವಾರ ಬೆಳಿಗ್ಗೆ ಕಾಲೇಜಿನ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ನಾನು ಇದನ್ನೇ ಯೋಚಿಸುತ್ತಿದ್ದೆ. ಎದುರಿಗೆ ಟೀ ಅಂಗಡಿಯ ಬೈರಣ್ಣ ನಿಂತಿದ್ದ. ಬಲಗೈಯಲ್ಲಿ ಟೀ ಕೆಟಲು. ಎಡಗೈಯಲ್ಲಿ ಉಳಿದಿದ್ದ ಹೆಬ್ಬೆರಳು, ತೋರುಬೆರಳುಗಳ ನಡುವೆ ಕಾಗದದ ಲೋಟಗಳು. ಒಂದು ವರ್ಷದಿಂದ ಅವನನ್ನು ಕಂಡಾಗಲೆಲ್ಲ ಆ ಮಾತು ಗಂಟಲವರೆಗೆ ಬಂದು ಅಲ್ಲೇ ಕೂರುತ್ತಿತ್ತು.

"ಏನ್ ಮೂರ್ತಿ ಸಾರ್, ಟೀ ಬೇಡ್ವಾ? ಮುಖ ನೋಡ್ತಾನೇ ಇದೀರಲ್ಲ," ಎಂದ ಬೈರಣ್ಣ.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ದೇವರಾಜನ ಕೂಗು ಕೇಳಿಸಿತು.

ಒಳಗೆ ಹೋಗಿ ನೋಡಿದೆ. ರೋಬೋ ತಂಡದ ಮೇಜಿನ ಮೇಲೆ ಗೋಣಿಚೀಲ ಬಿಚ್ಚಿ ಬಿದ್ದಿತ್ತು. ಅದರಲ್ಲಿ ಸುತ್ತಿಟ್ಟಿದ್ದ ಉಕ್ಕಿನ ಶಾಫ್ಟು ಎರಡು ತುಂಡಾಗಿತ್ತು. ಮಣಿಕಟ್ಟಿನಷ್ಟು ದಪ್ಪದ, ಕನ್ನಡಿಯಂತೆ ಹೊಳೆಯುವ ಶಾಫ್ಟು ಅದು. ತಂಡದ ಕಾದಾಟದ ರೋಬೋಗೆ ಅದೇ ಬೆನ್ನುಮೂಳೆ. ಎದುರಾಳಿ ಯಂತ್ರವನ್ನು ಎತ್ತಿ ಎಸೆಯುವ ಡ್ರಮ್ಮು ತಿರುಗುವುದು ಅದರ ಮೇಲೆ. ಮಂಗಳವಾರ ಬೆಂಗಳೂರಿನಲ್ಲಿ ಸ್ಪರ್ಧೆ. ಹೊಸ ಶಾಫ್ಟು ಮಾಡಿಸಲು ಹೊಸಕೋಟೆಯ ಕಾರ್ಖಾನೆಯಲ್ಲಿ ನಾಲ್ಕು ದಿನ ಬೇಕು.

"ಮುಗೀತು," ಎಂದ ತಂಡದ ನಾಯಕ ದೇವರಾಜ್. "ಎರಡು ವರ್ಷ ಗುರು, ಎರಡು ವರ್ಷ!"

ಅವನ ಹಿಂದೆ ಅಂಜನ್ ತಲೆ ತಗ್ಗಿಸಿ ನಿಂತಿದ್ದ. ಅನುಗೊಂಡನಹಳ್ಳಿಯ ಹುಡುಗ, ದೇವರಾಜನ ನೆರಳು. ತಂಡದ ಮೂರನೆಯವಳು ಕೀರ್ತನ. ರೋಬೋದ ವೈರಿಂಗ್ ಅವಳದು, ಮಾತು ಕಡಿಮೆ.

ನಾನು ನೇರವಾಗಿ ಹಿಂದಿನ ಕೋಣೆಗೆ ಹೋಗಿ ಹನುಮಂತರಾಯಪ್ಪನವರನ್ನು ಕರೆತಂದೆ.

ರಾಯಪ್ಪ ಸಾರ್ ನಮ್ಮ ವರ್ಕ್‌ಶಾಪ್ ಮೇಷ್ಟ್ರು. ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫೋರ್‌ಮನ್ ಆಗಿ ನಿವೃತ್ತರಾದ ಮೇಲೆ ಇಲ್ಲಿಗೆ ಬಂದು, ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲೇ ವಾಸವಾಗಿದ್ದರು. ಹಾಸ್ಟೆಲಿನ ಪಂಪ್‌ಸೆಟ್ ಕಳವಾದಾಗ ಕಳ್ಳನನ್ನು ಅವನ ಚಪ್ಪಲಿಗೆ ಮೆತ್ತಿದ ಗ್ರೀಸಿನಿಂದ ಹಿಡಿದವರು ಅವರು. ಅಂದಿನಿಂದ ಕಾಲೇಜಿನಲ್ಲಿ ಏನೇ ಆದರೂ ಪೊಲೀಸರಿಗಿಂತ ಮೊದಲು ಅವರಿಗೆ ಸುದ್ದಿ ಹೋಗುತ್ತಿತ್ತು. ನಾನು ಪದವಿ ಮುಗಿಸಿ ಅಲ್ಲೇ ಲ್ಯಾಬ್ ಅಸಿಸ್ಟೆಂಟ್ ಆಗಿ ಉಳಿದವನು. ಉಪಕರಣಗಳ ಕೋಣೆ ನನ್ನ ವಶದಲ್ಲಿತ್ತು. ಯಾರು ಸ್ಪ್ಯಾನರ್ ಕೇಳಿದರೂ ಅವರ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಪಡೆದು, ಆ ಸ್ಪ್ಯಾನರಿನ ಕೊಕ್ಕೆಗೆ ತಗುಲಿಸಿ ಕೊಡುವುದು ನನ್ನ ಕೆಲಸ. ಉಳಿದಂತೆ ನಾನು ರಾಯಪ್ಪನವರ ಹಿಂದೆ ತಿರುಗುತ್ತಿದ್ದೆ.

ಅವರು ಕನ್ನಡಕವನ್ನು ಹಣೆಗೇರಿಸಿ, ತುಂಡಾದ ಮುಖವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದರು.

"ಕೈ ಗರಗಸ. ಹ್ಯಾಕ್ಸಾ," ಎಂದರು. "ಒಂದೂವರೆ ಗಂಟೆ ಕೆಲಸ. ಇದನ್ನ ಮಾಡಿದವರಿಗೆ ತುಂಬಾ ಸಿಟ್ಟಿತ್ತು ಮೂರ್ತಿ. ಹತ್ತು ನಿಮಿಷದ ಸಿಟ್ಟಲ್ಲ."

ಕತ್ತರಿಸಿದ ಮುಖದ ನಟ್ಟನಡುವೆ ಉಗುರಿನ ದಪ್ಪದ ಒಂದು ಮೆಟ್ಟಿಲಿತ್ತು. ಅವರು ಅದರ ಮೇಲೆ ಬೆರಳಾಡಿಸಿದರು. ಆಮೇಲೆ ಶಾಫ್ಟಿನ ಹೊರಮೈಯನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ. ಗೋಡೆಗೆ ನೇತುಹಾಕಿದ್ದ ಹ್ಯಾಕ್ಸಾದ ಚೌಕಟ್ಟನ್ನು ಮುಟ್ಟಿದರು. ಬ್ಲೇಡನ್ನು ಬಿಗಿಹಿಡಿಯುವ ನಟ್ಟು ಸಡಿಲವಾಗಿತ್ತು. ಕೊನೆಗೆ ಮೂಲೆಯಲ್ಲಿದ್ದ ಮುರಿದ ಬ್ಲೇಡುಗಳ ಡಬ್ಬಿಯನ್ನು ತೆರೆದರು. ಮೇಲುಗಡೆಯೇ ಒಂದು ಕಾಗದದ ಪೊಟ್ಟಣ. ಒಳಗೆ ಸವೆದ ಬ್ಲೇಡಿನ ಎರಡು ತುಂಡು.

"ಬೀಗ ಒಡೆದಿತ್ತಾ?"

"ಇಲ್ಲ ಸಾರ್. ಬೀಗದ ಕೈ ಮರಳಿನ ಬಕೆಟ್ ಅಡಿಯಲ್ಲೇ ಇತ್ತು," ಎಂದ ಅಂಜನ್. "ಶನಿವಾರ ಸಂಜೆ ನಾವೇ ಇಟ್ಟು ಹೋಗಿದ್ದು. ನಿನ್ನೆ ಭಾನುವಾರ ಯಾರೂ ಬಂದಿಲ್ಲ."

ಆ ಜಾಗ ಗೊತ್ತಿದ್ದದ್ದು ನಾಲ್ಕೇ ಜನಕ್ಕೆ: ತಂಡದ ಮೂವರಿಗೆ ಮತ್ತು ನನಗೆ. ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನಾನು ರಾಯಪ್ಪನವರ ಜೊತೆ ಹೊಸಕೋಟೆಯಲ್ಲಿ, ಅವರ ಮೊಮ್ಮಗಳ ನಾಮಕರಣದಲ್ಲಿದ್ದೆ.

"ಯಾರೂ ಬಂದಿಲ್ವಾ?" ದೇವರಾಜ್ ತಟ್ಟನೆ ತಿರುಗಿದ. "ವಾಚ್‌ಮನ್ ನನಗೆ ಹೇಳಿದಾನೆ. ನಿನ್ನೆ ಮೂರು ಗಂಟೆಗೆ ಈ ಕಡೆಯಿಂದ ಕೆಟಲ್ ಹಿಡ್ಕೊಂಡು ಹೋದವನು ಯಾರು? ಏನಪ್ಪಾ ಬೈರಣ್ಣ, ಬೆರಳಿನ ಸೇಡು ತೀರಿಸ್ಕೊಂಡ್ಯಾ?"

ಬೈರಣ್ಣ ಬಾಗಿಲಲ್ಲೇ ಇದ್ದ. "ಇಲ್ಲ ಸ್ವಾಮಿ, ಹಾಸ್ಟೆಲಿಗೆ ಟೀ ಕೊಡಕ್ಕೆ ಹೋಗಿದ್ದೆ," ಎಂದ.

ಈ ಬೆರಳಿನ ಕತೆ ಎಲ್ಲರಿಗೂ ಗೊತ್ತು. ಹೋದ ವರ್ಷದವರೆಗೆ ಬೈರಣ್ಣ ಇದೇ ವರ್ಕ್‌ಶಾಪಿನ ಸಹಾಯಕ. ಒಂದು ಮಧ್ಯಾಹ್ನ ತಂಡದವರು ಪಟ್ಟಿಯಂಥ ಬ್ಲೇಡು ಸುತ್ತುವ ಬ್ಯಾಂಡ್‌ಸಾ ಯಂತ್ರದಲ್ಲಿ ಅದರ ಅಳತೆಗೆ ಮೀರಿದ ದಪ್ಪ ಉಕ್ಕಿನ ದಿಮ್ಮಿಯನ್ನು ಕತ್ತರಿಸುತ್ತಿದ್ದರು. ದಿಮ್ಮಿ ಹಿಡಿಸಲೆಂದು ಯಂತ್ರದ ರಕ್ಷಣೆಯ ಗಾರ್ಡನ್ನು ಯಾರೋ ಬಿಚ್ಚಿದ್ದರು. ಬ್ಲೇಡು ಬಿಸಿಯಾಗಿ ಅರಚಿತು. ಯಂತ್ರ ನಿಲ್ಲಿಸಲು ಓಡಿಬಂದವನು ಬೈರಣ್ಣ. ಬ್ಲೇಡು ಹರಿದು ಚಾವಟಿಯಂತೆ ಬೀಸಿತು. ಮೂರು ಬೆರಳು ಹೋದವು. ಗಾರ್ಡ್ ಬಿಚ್ಚಿದ್ದು ಬೈರಣ್ಣನೇ ಎಂದು ದೇವರಾಜ್ ಬರೆದುಕೊಟ್ಟ; ಅಂಜನ್ ಸಾಕ್ಷಿ ಎಂದು ಸಹಿ ಹಾಕಿದ. ತಾನು ಬಿಚ್ಚಿಲ್ಲ ಎಂದು ಬೈರಣ್ಣ ಹೇಳಿದ್ದನ್ನು ಯಾರೂ ಕೇಳಲಿಲ್ಲ. ಅವನ ಕೆಲಸ ಹೋಯಿತು. ಬ್ಯಾಂಡ್‌ಸಾಗೆ ಬೀಗ ಬಿತ್ತು. ಬಾಗಿಲಿನ ಬೀಗವನ್ನೂ ಬದಲಾಯಿಸಿದರು. ರಾಯಪ್ಪನವರು ಆಗ ಕಣ್ಣಿನ ಆಪರೇಷನ್‌ಗೆಂದು ತಿಂಗಳು ರಜೆಯಲ್ಲಿದ್ದರು. ಬೈರಣ್ಣ ಗೇಟಿನ ಎದುರು ಟೀ ಅಂಗಡಿ ಇಟ್ಟ.

ಅಷ್ಟರಲ್ಲಿ ಪ್ರಿನ್ಸಿಪಾಲ್ ಅನಸೂಯ ಮೇಡಂ ಬಂದರು. ದೇವರಾಜ್ ಅವರಿಗೆ ಎಲ್ಲವನ್ನೂ ಒಪ್ಪಿಸಿ, "ಸ್ಟೇಷನ್‌ಗೆ ಕಂಪ್ಲೇಂಟ್ ಕೊಡಿ ಮೇಡಂ. ನೀವು ಕೊಡ್ದೇ ಇದ್ರೆ ನಮ್ಮಪ್ಪ ಕೊಡ್ತಾರೆ," ಎಂದ. ವಿಮಾನ ನಿಲ್ದಾಣಕ್ಕೆ ಹೊಲ ಕೊಟ್ಟ ಮೇಲೆ ದೇವನಹಳ್ಳಿಯಲ್ಲಿ ಅವರಪ್ಪನ ಮಾತಿಗೆ ತೂಕ ಬಂದಿತ್ತು.

ರಾಯಪ್ಪನವರು ಶಾಫ್ಟಿನ ಒಂದು ತುಂಡನ್ನು ಬೈರಣ್ಣನ ಕೈಗಿಟ್ಟರು. "ನೋಡು," ಎಂದರು ಅಷ್ಟೇ.

ಬೈರಣ್ಣ ನೋಡಿದ. ನಡುವಿನ ಮೆಟ್ಟಿಲನ್ನು ಹೆಬ್ಬೆರಳಿನಿಂದ ಸವರಿದ. ಗೀರಿಲ್ಲದ ಹೊರಮೈಯನ್ನು ಸವರಿದ. ಮೇಲೆ ವಿಮಾನವೊಂದು ಇಳಿಯುತ್ತಾ ತಗಡಿನ ಮಾಡನ್ನು ಅದುರಿಸಿಕೊಂಡು ಹೋಯಿತು. ಸದ್ದು ಪೂರ್ತಿ ಅಡಗುವವರೆಗೆ ಅವನು ತಲೆ ಎತ್ತಲಿಲ್ಲ.

"ನಾನೇ ಮಾಡಿದ್ದು ಮೇಡಂ," ಎಂದ. "ಬೇರೆ ಯಾರನ್ನೂ ಕೇಳ್ಬೇಡಿ. ಸ್ಟೇಷನ್‌ಗೆ ಬರ್ತೀನಿ."

ಅವನು ಸ್ಟೂಲಿನ ಮೇಲೆ ಕುಸಿದ. ಯಾರೋ ನೀರು ಎಂದರು. ಅಂಜನ್ ಮೇಜಿನ ಮೇಲಿದ್ದ ಬಾಟಲಿಯನ್ನು ಅವನತ್ತ ಚಾಚಿದ. ಕೀರ್ತನ ಅದನ್ನು ನಡುವೆಯೇ ಕಸಿದುಕೊಂಡು, ಮುಚ್ಚಳ ತಿರುಗಿಸಿ ತೆಗೆದು, ಬೈರಣ್ಣನ ಬಲಗೈಗೆ ಕೊಟ್ಟಳು. ಅವನು ಅವಳತ್ತ ಒಂದು ಕ್ಷಣ ಕಣ್ಣೆತ್ತಿ ನೋಡಿದ. ಬೇಡ ಎನ್ನುವ ನೋಟ. ನೀರು ಬೇಡ ಎನ್ನುತ್ತಿದ್ದಾನೆ ಎಂದೇ ನಾನು ತಿಳಿದೆ.

"ಒಪ್ಕೊಂಡ್ನಲ್ಲ! ಇನ್ನೇನು?" ಎಂದ ದೇವರಾಜ್.

"ಹನ್ನೆರಡು ಗಂಟೆವರೆಗೆ ಟೈಮ್ ಕೊಡಿ ಮೇಡಂ," ಎಂದರು ರಾಯಪ್ಪನವರು. "ಒಂದ್ಸಲ ಬೆರಳು ಕಳ್ಕೊಂಡು ಕೆಲಸಾನೂ ಕಳ್ಕೊಂಡ ಮನುಷ್ಯ. ಈ ಸಲ ಜೈಲು ನೋಡ್ಬೇಕಾ ಇಲ್ವಾ ಅಂತ ಎರಡು ಗಂಟೆ ಯೋಚಿಸಿದ್ರೆ ತಪ್ಪಿಲ್ಲ."

ಮೇಡಂ ಗಡಿಯಾರ ನೋಡಿ ತಲೆಯಾಡಿಸಿದರು.

ಎಲ್ಲರೂ ಹೋದ ಮೇಲೆ ರಾಯಪ್ಪನವರು ಮೂರು ಸಾದಾ ಕಬ್ಬಿಣದ ಸಲಾಕೆಗಳನ್ನು ತೆಗೆಸಿದರು. ಶಾಫ್ಟಿಗಿಂತ ಸಣ್ಣವು, ಆದರೆ ಹೆಬ್ಬೆರಳಿಗಿಂತ ದಪ್ಪ. ಒಂದು ಸವೆದ ಬ್ಲೇಡು ಹಾಕಿ ಮೂರನ್ನೂ ತಾವೇ ಅರ್ಧರ್ಧ ಕೊಯ್ದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ನಾನು ಕೊಯ್ಲಾ ಸಾರ್?"

"ಬೇಡ. ನೀನು ಯೋಚನೆ ಮಾಡು. ಬೈರಣ್ಣ ಶಾಫ್ಟನ್ನ ನೋಡೋಕೆ ಮುಂಚೆ ಇಲ್ಲ ಅಂದ, ನೋಡಿದ್ಮೇಲೆ ಹೌದು ಅಂದ. ಆ ಉಕ್ಕಿನ ಮೇಲೆ ಏನು ಓದಿದ ಅವನು?"

ನನಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನಾನು ಬೇರೆ ಏನನ್ನೋ ಯೋಚಿಸುತ್ತಿದ್ದೆ.

ಹನ್ನೊಂದೂವರೆಗೆ ಎಲ್ಲರೂ ಮತ್ತೆ ಸೇರಿದರು. ಮೇಡಂ ಕುರ್ಚಿಯಲ್ಲಿ, ಬೈರಣ್ಣ ಸ್ಟೂಲಿನಲ್ಲಿ. ಸಾಲಾಗಿ, ಕಬ್ಬಿಣವನ್ನು ಕಚ್ಚಿಹಿಡಿಯುವ ಮೂರು ವೈಸ್‌ಗಳಲ್ಲಿ ಅರ್ಧ ಕೊಯ್ದ ಮೂರು ಸಲಾಕೆಗಳು. ಪ್ರತಿಯೊಂದರ ಪಕ್ಕ ಹೊಚ್ಚಹೊಸ ಬ್ಲೇಡು ಹಾಕಿದ ಹ್ಯಾಕ್ಸಾ, ಒಂದು ಜೊತೆ ಅಲ್ಯುಮಿನಿಯಂ ತಗಡು.

"ಹೊಸ ಶಾಫ್ಟಿಗೆ ಬೇರೆ ದಾರಿ ಹುಡುಕ್ತಾ ಇದೀನಿ," ಎಂದರು ರಾಯಪ್ಪನವರು. "ನನ್ನ ಬ್ಲೇಡು ಅರ್ಧಕ್ಕೇ ಮುರೀತು. ವಯಸ್ಸಾಯ್ತು, ಕೈ ಸೋತಿದೆ. ನೀವು ಮೂವರೂ ಒಂದೊಂದು ಮುಗಿಸಿ. ಬೇಗ."

"ಇದಕ್ಕೂ ಅದಕ್ಕೂ ಏನ್ ಸಂಬಂಧ ಸಾರ್?" ಎಂದು ಗೊಣಗಿದರೂ ದೇವರಾಜ್ ಹ್ಯಾಕ್ಸಾ ಎತ್ತಿದ. ಹೊಸ ಬ್ಲೇಡನ್ನು ಅರ್ಧ ಕೊಯ್ದ ಕಚ್ಚಿನೊಳಗೇ ಇಳಿಸಿ ಜೋರಾಗಿ ನೂಕಿದ. ಬ್ಲೇಡು ಸಿಕ್ಕಿಕೊಂಡಿತು. ಇನ್ನೊಮ್ಮೆ ನೂಕಿದ. ಟಕ್ಕೆಂದು ಮುರಿಯಿತು.

"ಥೂ, ಲೋಕಲ್ ಬ್ಲೇಡು!"

ಅಂಜನ್ ಕೂಡ ಕಚ್ಚಿನೊಳಗೇ ಇಳಿಸಿದ್ದ. ಅವನದು ಮುರಿಯಲಿಲ್ಲ, ಆದರೆ ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. "ಗುರು, ಇದು ಕಚ್ಕೊಂಡ್ಬಿಟ್ಟಿದೆ ಕಣೋ," ಎಂದು ದೇವರಾಜನತ್ತ ನೋಡಿದ.

ಕೀರ್ತನ ವೈಸ್ ಸಡಿಲಿಸಿದಳು. ಸಲಾಕೆಯನ್ನು ತೆಗೆದು ಅರ್ಧ ಸುತ್ತು ತಿರುಗಿಸಿ, ಕಚ್ಚು ಕೆಳಗಾಗುವಂತೆ ಇಟ್ಟಳು. ಎರಡೂ ಬದಿಗೆ ಅಲ್ಯುಮಿನಿಯಂ ತಗಡನ್ನು ಮಡಿಸಿ ಸಿಕ್ಕಿಸಿ ವೈಸ್ ಬಿಗಿ ಮಾಡಿದಳು. ಎದುರು ಬದಿಯಿಂದ ಹೊಸದಾಗಿ ಕೊಯ್ಯತೊಡಗಿದಳು. ಉದ್ದನೆಯ, ಒಂದೇ ಸಮನಾದ ಎಳೆತ. ನಾಲ್ಕನೆಯದೋ ಐದನೆಯದೋ ಎಳೆತಕ್ಕೆ ವರ್ಕ್‌ಶಾಪಿನಲ್ಲಿ ತನ್ನ ಗರಗಸದ್ದೊಂದೇ ಸದ್ದು ಎಂದು ಅವಳಿಗೆ ಕೇಳಿಸಿರಬೇಕು. ಕೈ ನಿಂತಿತು.

ಬೈರಣ್ಣ ಕಣ್ಣು ಮುಚ್ಚಿಕೊಂಡ.

"ಇರಲಿ ಬಿಡಮ್ಮ. ಸಾಕು," ಎಂದರು ರಾಯಪ್ಪನವರು. ಆಮೇಲೆ ಮೇಡಂ ಕಡೆ ತಿರುಗಿದರು.

"ಬ್ಲೇಡು ಸವೆದಷ್ಟೂ ಕಚ್ಚು ಇಕ್ಕಟ್ಟಾಗ್ತದೆ ಮೇಡಂ. ಹೊಸ ಬ್ಲೇಡಿನ ಹಲ್ಲು ಅಗಲ. ಹಳೇ ಕಚ್ಚಿಗೆ ಹೊಸ ಬ್ಲೇಡು ಹಾಕಿದ್ರೆ ಸಿಕ್ಕಿ ಮುರೀತದೆ. ಅದಕ್ಕೇ ದಪ್ಪ ಮಾಲು ಕೊಯ್ಯೋ ಹಳಬರು ನಡುವೆ ಬ್ಲೇಡು ಮುರಿದ್ರೆ ಮಾಲನ್ನ ತಿರುಗಿಸಿ ಎದುರಿನಿಂದ ಶುರು ಮಾಡ್ತಾರೆ. ಎರಡು ಕಚ್ಚು ನಡುವೆ ಸೇರೋ ಕಡೆ ಸಣ್ಣ ಮೆಟ್ಟಿಲು ಉಳೀತದೆ. ಶಾಫ್ಟಿನಲ್ಲಿರೋದು ಅದೇ. ನಾವು ಮೊದಲ ವರ್ಷ ತಗಡು ಕೊಯ್ಯೋದು ಕಲಿಸ್ತೀವಿ, ಇದನ್ನ ಕಲಿಸಲ್ಲ. ಎರಡನೇದು: ಶಾಫ್ಟಿನ ಮೈಮೇಲೆ ವೈಸಿನ ಹಲ್ಲಿನ ಗುರುತಿಲ್ಲ. ಹಾಳು ಮಾಡೋಕೆ ಬಂದವರು ಗೀರು ಬೀಳದ ಹಾಗೆ ತಗಡು ಇಟ್ಟಿದಾರೆ! ಬೇಕು ಅಂತ ಅಲ್ಲ, ಕೈಗೆ ಅಭ್ಯಾಸ. ಮೂರನೇದು: ಮುರಿದ ಬ್ಲೇಡನ್ನ ಯಾರ ಕಾಲಿಗೂ ಚುಚ್ಚಬಾರದು ಅಂತ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿದಾರೆ. ನಾಲ್ಕನೇದು: ಕೆಲಸ ಮುಗಿದ್ಮೇಲೆ ಹ್ಯಾಕ್ಸಾದ ನಟ್ಟು ಸಡಿಲ ಮಾಡಿದಾರೆ. ಈ ನಾಲ್ಕೂ ಅಭ್ಯಾಸ ಇದ್ದವನು ಈ ವರ್ಕ್‌ಶಾಪಿನಲ್ಲಿ ಒಬ್ಬನೇ. ಬೈರಣ್ಣ."

"ಅದನ್ನೇ ತಾನೆ ನಾನೂ ಹೇಳಿದ್ದು!" ಎಂದ ದೇವರಾಜ್.

"ಇರಪ್ಪ. ಬೈರಣ್ಣ ಕೆಲಸ ಬಿಟ್ಮೇಲೆ ಬೀಗ ಬದಲಾಯ್ತು. ಹೊಸ ಕೈ ಎಲ್ಲಿಡ್ತಾರೆ ಅಂತ ಅವನಿಗೆ ಗೊತ್ತಿಲ್ಲ. ಅಷ್ಟೇ ಅಲ್ಲ. ಹ್ಯಾಕ್ಸಾಗೆ ಎಡಗೈ ಮುಂದಿನ ತುದೀನ ಬಿಗಿಯಾಗಿ ಹಿಡೀಬೇಕು. ಶಾಫ್ಟಿನ ಕಚ್ಚು ನೂಲು ಹಿಡಿದ ಹಾಗೆ ನೆಟ್ಟಗಿದೆ. ಎರಡು ಬೆರಳಲ್ಲಿ ಅದು ಆಗದ ಮಾತು. ಅಂದ್ರೆ ಬೈರಣ್ಣನ ಅಭ್ಯಾಸ, ಆದ್ರೆ ಬೇರೆಯವರ ಕೈ. ಉಕ್ಕನ್ನ ನೋಡಿದ ಕೂಡ್ಲೇ ಅದು ಯಾರ ಕೈ ಅಂತ ಅವನಿಗೆ ಗೊತ್ತಾಯ್ತು. ತಾನು ಕಲಿಸಿದ ಕೈ. ಅದನ್ನ ಉಳಿಸೋಕೆ ಒಪ್ಕೊಂಡ. ಉಳಿದವರು ಮೂವರು. ಅದರಲ್ಲಿ ಒಬ್ಬಳಿಗೆ ಮಾತ್ರ ಅವನ ಕೈಲಿ ಬಾಟಲಿ ಮುಚ್ಚಳ ತಿರುಗಿಸೋಕೆ ಆಗಲ್ಲ ಅಂತ ನೆನಪಿತ್ತು. ಅಂಗಡೀಲಿ ಟೀ ಕುಡಿಯೋರಿಗೆ ಅದು ತಿಳಿಯಲ್ಲ. ಒಂದೇ ಮನೇಲಿ ಉಂಡವರಿಗೆ ತಿಳೀತದೆ."

"ಇಲ್ಲ ಸಾರ್, ಆ ಮಗೂಗೆ ಏನೂ ಗೊತ್ತಿಲ್ಲ," ಎಂದು ಬೈರಣ್ಣ ಎದ್ದ.

"ಸಾಕು ಮಾವ," ಎಂದಳು ಕೀರ್ತನ.

ವರ್ಷದಲ್ಲಿ ನಾನು ಕೇಳಿದ ಅವಳ ಅತಿ ಸ್ಪಷ್ಟವಾದ ಮಾತು ಅದು.

"ಬೈರಣ್ಣ ನಮ್ಮಮ್ಮನ ತಮ್ಮ," ಎಂದಳು ಮೇಡಂಗೆ. "ಅಪ್ಪ ಹೋದ್ಮೇಲೆ ಅರಿಶಿನಕುಂಟೆಯ ನಮ್ಮನೇಲೇ ಇದ್ದು ನನ್ನ ಸಾಕಿದ್ದು ಇವರು. ಹಿತ್ತಲಲ್ಲಿ ಕೂರಿಸ್ಕೊಂಡು ಗರಗಸ ಹಿಡಿಯೋದು ಕಲಿಸಿದ್ದೂ ಇವರೇ. ನಾನು ಈ ಕಾಲೇಜಿಗೆ ಸೇರಿದ ದಿನ, ವರ್ಕ್‌ಶಾಪ್ ಹೆಲ್ಪರ್ ಸೊಸೆ ಅಂತ ಯಾರಿಗೂ ಹೇಳ್ಬೇಡ ಕಣಮ್ಮ ಅಂದ್ರು. ನಾನೂ ಎಲ್ಲರ ಹಾಗೆ ಬೈರಣ್ಣ ಅಂತಲೇ ಕರೆದೆ. ಆಸ್ಪತ್ರೆಗೂ ಕದ್ದು ಹೋದೆ."

ಅವಳು ದೇವರಾಜನ ಎದುರಿಗೆ ಬಂದು ನಿಂತಳು.

"ಮೊದಲು ನಿನ್ನ ಬೆರಳೇ ಹೋಗ್ಬೇಕು ಅಂತಿತ್ತು. ನಿನ್ನ ತಂಡಕ್ಕೆ ಸೇರಿದ್ದು ಅದಕ್ಕೇ. ಒಂಬತ್ತು ತಿಂಗಳು ನಿನ್ನ ಪಕ್ಕದಲ್ಲಿ ಕೂತು ವೈರ್ ಜೋಡಿಸ್ದೆ. ನೋಡ್ತಾ ನೋಡ್ತಾ ಗೊತ್ತಾಯ್ತು, ನಿನಗೆ ನಿನ್ನ ಬೆರಳಿಗಿಂತ ಆ ಶಾಫ್ಟ್ ಮೇಲೆ ಜಾಸ್ತಿ ಪ್ರೀತಿ ಅಂತ. ನೀನು ಅದನ್ನ ಒರೆಸಿ, ಗ್ರೀಸ್ ಹಚ್ಚಿ, ಮಗು ಥರ ಸುತ್ತಿಡೋವರೆಗೂ ಕಾದೆ."

"ಹುಚ್ಚಿ!" ಎಂದ ದೇವರಾಜ್. "ಗಾರ್ಡ್ ಬಿಚ್ಚಿದ್ದು ನಿಮ್ಮ ಮಾವ ಕಣೇ, ನಾನಲ್ಲ! ರಿಪೋರ್ಟ್ ಇದೆ!"

"ಒಂದು ಸಲ ಕೇಳ್ತೀನಿ," ಎಂದರು ರಾಯಪ್ಪನವರು, ಧ್ವನಿ ಏರಿಸದೆ. "ಅವತ್ತು ನಾನಿರಲಿಲ್ಲ. ಗಾರ್ಡು ತಾನಾಗಿ ಬಿಚ್ಕೊಳ್ಳಲ್ಲ. ಯಾರು ಬಿಚ್ಚಿದ್ದು ಅಂತ ಕಣ್ಣಾರೆ ಕಂಡವರು ಈ ಕೋಣೇಲಿದ್ರೆ ಈಗ ಹೇಳಿ."

ಹೊರಗೆ ಹಾಸ್ಟೆಲಿನ ನಲ್ಲಿ ಸುರಿಯುವುದು ಕೇಳಿಸಿತು. ನಾನು ನನ್ನ ಚಪ್ಪಲಿಯನ್ನು ನೋಡುತ್ತಿದ್ದೆ. ಈಗ ಹೇಳುತ್ತೇನೆ, ಈ ಉಸಿರು ಬಿಟ್ಟ ಮೇಲೆ ಹೇಳುತ್ತೇನೆ ಎಂದುಕೊಂಡೆ. ಉಸಿರು ಬಿಟ್ಟೆ.

"ದೇವರಾಜಣ್ಣನೇ," ಎಂದ ಅಂಜನ್.

"ಲೇ!"

"ಏನ್ ಲೇ? ನೀನೇ ಬಿಚ್ಚಿದ್ದು. ನಾನು ದಿಮ್ಮಿ ಹಿಡ್ಕೊಂಡಿದ್ದೆ." ಅವನು ಅಳುತ್ತಿದ್ದ. "ಸಹಿ ಹಾಕು, ಇಲ್ದಿದ್ರೆ ಇಬ್ರೂ ಕಾಲೇಜು ಬಿಡ್ಬೇಕಾಗ್ತದೆ ಅಂತ ನೀನಂದೆ. ಹಾಕ್ದೆ. ಆವತ್ತಿಂದ ಇವರ ಅಂಗಡೀಲಿ ಒಂದು ದಿನಾನೂ ಟೀ ಕುಡಿದಿಲ್ಲ ನಾನು."

ದೇವರಾಜ್ ಹೊರಗೆ ನಡೆಯಲು ನೋಡಿದ. "ಕೂತ್ಕೋ," ಎಂದರು ಅನಸೂಯ ಮೇಡಂ. ಅವರ ದನಿಗೆ ಅವನು ಕೂತ.

ಮಧ್ಯಾಹ್ನದೊಳಗೆ ಅಂಜನ್ ಎಲ್ಲವನ್ನೂ ಬರೆದುಕೊಟ್ಟ. ದೇವರಾಜ್ ಬರೆದು ತಂದಿದ್ದ ಪೊಲೀಸ್ ದೂರಿನ ಕಾಗದವನ್ನು ಮೇಡಂ ಹರಿದು ಹಾಕಿ, ಹಳೆಯ ವಿಚಾರಣೆಯನ್ನು ಮತ್ತೆ ತೆರೆಯುವುದಾಗಿ ಬೈರಣ್ಣನಿಗೆ ಹೇಳಿದರು. ದೇವರಾಜನನ್ನು ಅಂದೇ ಅಮಾನತು ಮಾಡಿದರು. ಕೀರ್ತನಳನ್ನೂ ಒಂದು ಸೆಮಿಸ್ಟರ್ ಕಾಲೇಜಿನಿಂದ ಹೊರಗಿಟ್ಟರು.

ಹೊರಡುವಾಗ ಅವಳು ರಾಯಪ್ಪನವರ ಮುಂದೆ ನಿಂತಳು. ಮೆಚ್ಚುಗೆಯ ಮಾತು ನಿರೀಕ್ಷಿಸಿದ್ದಳೋ ಏನೋ.

"ಒಳ್ಳೇ ಉಕ್ಕು ಅದು," ಎಂದರು ಅವರು. "ಅದೇನು ತಪ್ಪು ಮಾಡಿತ್ತಮ್ಮ?"

"ಏನೂ ಇಲ್ಲ ಸಾರ್," ಎಂದಳು. "ನಮ್ಮ ಮಾವನೂ ಏನೂ ಮಾಡಿರಲಿಲ್ಲ."

ಬೈರಣ್ಣ ಅವಳ ಚೀಲವನ್ನು ಹೆಗಲಿಗೇರಿಸಿಕೊಂಡ. ಗೇಟಿನವರೆಗೆ ಇಬ್ಬರೂ ಒಟ್ಟಿಗೆ ನಡೆದು ಹೋದರು. ಕಾಲೇಜಿನೊಳಗೆ ಅವರು ಹಾಗೆ ನಡೆದದ್ದು ಅದೇ ಮೊದಲು.

ವರ್ಕ್‌ಶಾಪಿನಲ್ಲಿ ನಾವಿಬ್ಬರೇ ಉಳಿದೆವು. ರಾಯಪ್ಪನವರು ಮೂರು ಹ್ಯಾಕ್ಸಾಗಳ ನಟ್ಟು ಸಡಿಲಿಸಿ ಗೋಡೆಗೆ ನೇತುಹಾಕಿದರು. ಮುರಿದ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿದರು. ಆಮೇಲೆ ನನ್ನ ಕೋಣೆಯ ಕಿಟಕಿಯ ಹತ್ತಿರ ಹೋಗಿ, ಸ್ಪ್ಯಾನರುಗಳು ತೂಗುವ ಹಲಗೆಯ ಎದುರು ನಿಂತರು.

"ಆ ಗಾರ್ಡಿನ ಬೋಲ್ಟು ಹದಿಮೂರನೇ ನಂಬರು," ಎಂದರು, ನನ್ನ ಕಡೆ ತಿರುಗದೆ. "ಬೆರಳಲ್ಲಿ ಬಿಚ್ಚೋಕಾಗಲ್ಲ."

ಹದಿಮೂರರ ಸ್ಪ್ಯಾನರು ಅದರ ಕೊಕ್ಕೆಯಲ್ಲಿ ತೂಗುತ್ತಿತ್ತು. ಅವರು ಬಹಳ ಹೊತ್ತು ಬೆನ್ನು ಕೊಟ್ಟೇ ನಿಂತಿದ್ದರು.

"ಟೀ ತರ್ತೀನಿ ಸಾರ್," ಎಂದು ನಾನು ಹೊರಗೆ ಬಂದೆ.

ಬೈರಣ್ಣ ಸೊಸೆಯನ್ನು ಬಸ್ಸಿಗೆ ಹತ್ತಿಸಿ ಬಂದು ಸ್ಟವ್ ಹಚ್ಚುತ್ತಿದ್ದ. ನನ್ನನ್ನು ಕಂಡು ನಕ್ಕ. ಬಲಗೈಯಲ್ಲಿ ಟೀ ಬಗ್ಗಿಸಿ, ಲೋಟವನ್ನು ನನ್ನತ್ತ ಚಾಚಿದ.

"ಏನ್ ಮೂರ್ತಿ ಸಾರ್, ಈಗ್ಲೂ ಮುಖ ನೋಡ್ತಾನೇ ಇದೀರಲ್ಲ," ಎಂದ.

ಹೋದ ವರ್ಷ ಆ ಮಧ್ಯಾಹ್ನ ದೇವರಾಜನ ಬಿಲ್ಲೆ ಪಡೆದು ಹದಿಮೂರರ ಸ್ಪ್ಯಾನರನ್ನು ಅವನ ಕೈಗೆ ಕೊಟ್ಟವನು ನಾನು. ಅವನು ಗಾರ್ಡ್ ಬಿಚ್ಚುವುದನ್ನು ಕಿಟಕಿಯಿಂದ ನೋಡಿದೆ. ಸಂಜೆ, ಅದಕ್ಕೆ ಸಾಕ್ಷಿಯಾಗಿ ಉಳಿದಿದ್ದ ಬಿಲ್ಲೆಯನ್ನು ಕೊಕ್ಕೆಯಿಂದ ತೆಗೆದು ಅವನಿಗೆ ಹಿಂತಿರುಗಿಸಿದೆ. ಇದನ್ನು ನಾನು ಬೈರಣ್ಣನಿಗೆ ಹೇಳಲಿಲ್ಲ.